46 ಪೀಸಿನ ಪೆಟ್ಟಿಗೆ, 17ರ ಸ್ಪ್ಯಾನರ್ ನಾಪತ್ತೆ

ದಸರಾ ಬಂತೆಂದರೆ ಆನ್‌ಲೈನ್ ಅಂಗಡಿಗಳಲ್ಲಿ ಟೂಲ್ ಕಿಟ್ಟುಗಳ ಸುಗ್ಗಿ. ಒಂದೇ ಪೆಟ್ಟಿಗೆ, ಎಣಿಸಲಾರದಷ್ಟು ಸಾಮಾನು, ಅರ್ಧ ಬೆಲೆ. ಆಯುಧಪೂಜೆಯ ದಿನ ಗಾಡಿಯ ಮುಂದಿಟ್ಟು ಕುಂಕುಮ ಹಚ್ಚುವುದಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಮನೆಯಲ್ಲೇ ಗಾಡಿ ನೋಡಿಕೊಳ್ಳಬೇಕೆಂದು ಹೊರಟವರು ಮಾತ್ರ ದಯವಿಟ್ಟು ಅದನ್ನು ಕೊಳ್ಳಬೇಡಿ.

ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡಿನ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮೈಸೂರಿನ ನಮ್ಮ ಮನೆ ಮುಂದೆ ನನ್ನದೊಂದು ಯೆಜ್ಡಿ, ಮಗಳದೊಂದು ಸ್ಕೂಟರು ನಿಂತಿರುತ್ತವೆ. ರಜೆ ಬಂದರೆ ಅಕ್ಕನ ಮಗ ಬೆಂಗಳೂರಿನಿಂದ ಅವನ ಅಪ್ಪನ ಕಾಲದ ಸ್ಪ್ಲೆಂಡರ್ ಹತ್ತಿಕೊಂಡು ಬರುತ್ತಾನೆ. ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ. ಆದರೂ ಆ ಬೈಕು ಬಿಡುವುದಿಲ್ಲ. ಹೀಗೇ ಒಮ್ಮೆ ಬಂದವನು ಬ್ಯಾಗಿನಿಂದ ಹಸಿರು ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತೆಗೆದು, "ಮಾಮ, 46 ಪೀಸ್ ಇದೆ. ಇವತ್ತು ಆಯಿಲ್ ಚೇಂಜ್ ನಾನೇ ಮಾಡೋದು, ನೀವು ಸುಮ್ನೆ ಕೂತ್ಕೊಂಡು ನೋಡಿ" ಅಂದ.

ಕೂತು ನೋಡಿದೆ. ಇಂಜಿನ್ನಿನ ಅಡಿಗೆ ಕೈ ಹಾಕಿ ಡ್ರೈನ್ ಬೋಲ್ಟಿಗೆ ಒಂದಾದ ಮೇಲೊಂದು ಸಾಕೆಟ್ ಹಿಡಿದ. ಒಂದೂ ಕೂರಲಿಲ್ಲ. ಕೂರುವ ಹಾಗೂ ಇರಲಿಲ್ಲ. ಎಲ್ಲ ಕಡೆ ಸಿಗುವ ಆ 46ರ ಸೆಟ್ಟಿನಲ್ಲಿ ಸಾಕೆಟ್ಟುಗಳು 4 ಮಿಲಿಮೀಟರಿನಿಂದ ಶುರುವಾಗಿ 14ಕ್ಕೆ ಮುಗಿದುಹೋಗುತ್ತವೆ. ಸ್ಪ್ಲೆಂಡರಿನ ಡ್ರೈನ್ ಬೋಲ್ಟ್ 17. ನಾಲ್ಕು, ನಾಲ್ಕೂವರೆ, ಐದು, ಐದೂವರೆ ಎಂದು ಮಕ್ಕಳ ಆಟದ ಸಾಮಾನು ಬಿಚ್ಚುವ ಅಳತೆಗಳೆಲ್ಲ ಇವೆ, ಬೈಕಿನ ಅತಿ ಸಾಮಾನ್ಯ ಕೆಲಸಕ್ಕೆ ಬೇಕಾದ ಅಳತೆಯೇ ಇಲ್ಲ. ಮಿಕ್ಕಿದ್ದರಲ್ಲಿ ಬಹುಪಾಲು ಬೆರಳ ಗಿಣ್ಣಿನಷ್ಟುದ್ದದ ಬಿಟ್ಟುಗಳು. ಪೀಸುಗಳ ಲೆಕ್ಕ ಏರಿಸುವುದಕ್ಕೆ ಬಿಟ್ಟಿಗಿಂತ ಅಗ್ಗದ ದಾರಿ ಇಲ್ಲ. ಅದರ ಪುಟ್ಟ ರಾಚೆಟ್ಟನ್ನು ಹಿಂದಿನ ಚಕ್ರದ ಆಕ್ಸಲ್ ನಟ್ಟಿನಂಥದ್ದಕ್ಕೆ ಹೇಗೋ ಸಿಕ್ಕಿಸಿ ಒತ್ತಿದರೂ, ನಟ್ಟು ಅಲ್ಲಾಡುವ ಮೊದಲು ರಾಚೆಟ್ಟಿನ ಹಲ್ಲೇ ಹೋದೀತು. ಕಡೆಗೆ ನನ್ನ 16-17ರ ರಿಂಗ್ ಸ್ಪ್ಯಾನರ್ ಕೊಟ್ಟೆ. ಎರಡು ನಿಮಿಷದ ಕೆಲಸ.

ಇದು ಆ ಹುಡುಗನೊಬ್ಬನ ಕಥೆಯಲ್ಲ. ಟೂಲು ಕೊಳ್ಳುವವರೆಲ್ಲ ಅಂಗಡಿಯಿಂದ ಶುರುಮಾಡುತ್ತಾರೆ. ಶುರುವಾಗಬೇಕಾದ್ದು ಗಾಡಿಯಿಂದ. ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಗ್ಯಾರೇಜಿನಿಂದ ಒಂದು ಸ್ಪ್ಯಾನರ್ ಸೆಟ್ ಕಡ ತನ್ನಿ. ಒಂದು ನೋಟ್‌ಬುಕ್ಕು, ಪೆನ್ಸಿಲು ಹಿಡಿದು ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂರಿ. ಏನನ್ನೂ ಬಿಚ್ಚಬೇಡಿ, ಅಳತೆ ಹಿಡಿದು ಬರೆದುಕೊಳ್ಳಿ ಸಾಕು. ಬ್ಯಾಟರಿ ಕವರ್ ಎಷ್ಟು, ಮಿರರ್ ಎಷ್ಟು, ಚೈನ್ ಅಡ್ಜಸ್ಟರ್ ಎಷ್ಟು, ಆಕ್ಸಲ್ ನಟ್ ಎಷ್ಟು. ಅರ್ಧ ಪುಟ ತುಂಬುವಷ್ಟರಲ್ಲಿ ಅವೇ ಅಂಕಿಗಳು ಮತ್ತೆ ಮತ್ತೆ ಬರುತ್ತಿರುವುದು ಗೊತ್ತಾಗುತ್ತದೆ: 8, 10, 12, 14, 17, 19. ಹಳೆಯ ಹೀರೋ ಹೋಂಡಾ ವಂಶದ ಬೈಕುಗಳಲ್ಲಿ ಇಷ್ಟರಲ್ಲೇ ಮುಕ್ಕಾಲು ಸಂಸಾರ ನಡೆಯುತ್ತದೆ. 9, 11, 15, 18 ಎಂಬ ಸ್ಪ್ಯಾನರುಗಳು ಸೆಟ್ಟಿನಲ್ಲಿ ಹುಟ್ಟಿ, ಸೆಟ್ಟಿನಲ್ಲೇ ಹೊಳಪು ಕೆಡದೆ ಉಳಿಯುತ್ತವೆ.

ಹೀಗೇಕೆ ಎಂದು ತರಗತಿಯಲ್ಲಿ ಹುಡುಗರು ಕೇಳಬೇಕೆಂದು ಕಾಯುತ್ತಿದ್ದೆ, ಕೇಳುತ್ತಿದ್ದವರು ಕಡಿಮೆ. ಕೇಳದಿದ್ದರೂ ಹೇಳುತ್ತಿದ್ದೆ. ಸ್ಪ್ಯಾನರಿನ ಮೇಲಿನ ಅಂಕಿ ಬೋಲ್ಟಿನ ತಲೆಯ ಅಳತೆ, ಕಾಂಡದ್ದಲ್ಲ. 6 ಮಿ.ಮೀ. ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. 8 ಮಿ.ಮೀ. ಬೋಲ್ಟಿಗೆ ಜಪಾನಿನವರು 12ರ ತಲೆ ಇಡುತ್ತಾರೆ, ಯುರೋಪಿನ ಪದ್ಧತಿಯಲ್ಲಿ ಅದು 13. 10 ಮಿ.ಮೀ. ಬೋಲ್ಟಿಗೆ ಜಪಾನಿನಲ್ಲಿ 14, ಯುರೋಪಿನಲ್ಲಿ 16 ಅಥವಾ 17. ಅದಕ್ಕೇ ಒಂದೇ ಬೀದಿಯ ಎರಡು ಬೈಕಿಗೆ ಎರಡು ಥರದ ಸ್ಪ್ಯಾನರ್ ಬೇಕಾಗುತ್ತದೆ. 12ರ ತಲೆಗೆ 13ರ ಸ್ಪ್ಯಾನರ್ ಹಾಕಿ "ಸ್ವಲ್ಪ ಲೂಸು, ಪರವಾಗಿಲ್ಲ" ಎಂದು ತಿರುವಿದರೆ ಮುಗಿಯಿತು, ಮೂಲೆಗಳು ಸವೆದು ಬೋಲ್ಟು ರೌಂಡಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ವೆಲ್ಡಿಂಗ್ ಅಂಗಡಿ.

ಹಳೆಯ ಬುಲೆಟ್ ಇಟ್ಟುಕೊಂಡವರ ಪಾಡೇ ಬೇರೆ. ಎನ್‌ಫೀಲ್ಡ್ ಇಂಡಿಯಾ 1955ರಲ್ಲಿ ಮದ್ರಾಸಿನಲ್ಲಿ ಶುರುವಾದಾಗ ಇಂಗ್ಲೆಂಡಿನ ಬೈಕಿನ ಜೊತೆಗೆ ಇಂಗ್ಲೆಂಡಿನ ಇಂಚಿನ ಅಳತೆಯೂ ಹಡಗು ಹತ್ತಿ ಬಂತು. ಆ ಇಂಚಿನ ಪದ್ಧತಿಯ ವಿಟ್‌ವರ್ತ್ ನಟ್ಟಿಗೆ ಮೆಟ್ರಿಕ್ ಸ್ಪ್ಯಾನರು ಹತ್ತಿರ ಹತ್ತಿರ ಕೂರುತ್ತದೆ. ಆ ಹತ್ತಿರವೇ ಅಪಾಯ. ಅಂಥ ಗಾಡಿಯವರು ಹೊಸ ಸೆಟ್ಟಿನ ಆಸೆ ಬಿಟ್ಟು ಬೆಂಗಳೂರಿನ ಸಂಡೇ ಬಜಾರಿನಂಥ ಹಳೆ ಸಾಮಾನಿನ ಸಂತೆಯಲ್ಲಿ ಇಂಚಿನ ಸ್ಪ್ಯಾನರ್ ಹುಡುಕುವುದೇ ಮೇಲು. ಹಳೆಯ ಕಾಲದ ಉಕ್ಕು, ತುಕ್ಕು ಉಜ್ಜಿದರೆ ಇನ್ನೊಂದು ತಲೆಮಾರಿಗೆ ಆಗುತ್ತದೆ.

ಸ್ಪ್ಯಾನರಿಗಿಂತ ಹೆಚ್ಚು ಹಾನಿ ಮಾಡುವುದು ಸ್ಟಾರ್ ಸ್ಕ್ರೂ ಡ್ರೈವರ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಗ್ಯಾರೇಜಿನಲ್ಲೂ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಜಪಾನಿ ಮೂಲದ ಬೈಕಿನ ಮುಂದಿನ ಡಿಸ್ಕ್ ಬ್ರೇಕಿನ ಆಯಿಲ್ ಡಬ್ಬಿ ಹ್ಯಾಂಡಲ್ ಮೇಲಿರುತ್ತದಲ್ಲ, ಅದರ ಮುಚ್ಚಳದ ಎರಡು ಸ್ಕ್ರೂ ನೋಡಿ. ಕೂಡು ಚಿಹ್ನೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕಿ ಕಂಡರೆ ಅದು ಜಪಾನಿ ಮಾನದಂಡದ, ಜೆಐಎಸ್ ಸ್ಕ್ರೂ. ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಟಾರ್ ಡ್ರೈವರ್ ಫಿಲಿಪ್ಸ್ ಮಾದರಿಯದು. ಮೇಲಿಂದ ನೋಡಿದರೆ ಎರಡೂ ಒಂದೇ. ಆದರೆ ಫಿಲಿಪ್ಸ್ ಡ್ರೈವರಿನ ರೆಕ್ಕೆಗಳ ಬುಡದಲ್ಲಿ ಮೂಲೆ ಸ್ವಲ್ಪ ಉರುಟು, ಜೆಐಎಸ್ ಸ್ಕ್ರೂವಿನ ತಗ್ಗಿನಲ್ಲಿ ಮೂಲೆ ನೇರ. ಹಾಗಾಗಿ ಡ್ರೈವರ್ ತಳದವರೆಗೆ ಇಳಿಯುವುದೇ ಇಲ್ಲ, ಅರ್ಧದಲ್ಲಿ ತೂಗಿಕೊಂಡು ನಿಲ್ಲುತ್ತದೆ. ಬಲ ಹಾಕಿ ತಿರುವಿದ ಕೂಡಲೇ ಕರ್ ಎಂದು ಜಾರಿ ಮೇಲೆ ಬರುತ್ತದೆ. ಒಂದು ಸಲ ಜಾರಿದರೆ ಮೂಲೆ ಮಡಚುತ್ತದೆ, ಮೂರು ಸಲ ಜಾರಿದರೆ ಕೂಡು ಚಿಹ್ನೆ ಹೋಗಿ ಗುಂಡಿಯಾಗುತ್ತದೆ. ಸ್ಕ್ರೂ ತುಂಬಾ ಮೆದುವಪ್ಪ ಎಂದು ನಾವು ಕಂಪನಿಯನ್ನು ಬೈಯುತ್ತೇವೆ.

ಉಪಾಯ ಕಷ್ಟದ್ದಲ್ಲ. ವೆಸೆಲ್‌ನಂಥ ಜಪಾನಿ ಕಂಪನಿಯ ಜೆಐಎಸ್ ಡ್ರೈವರ್ ಒಂದು, ಎರಡನೇ ನಂಬರಿನದು, ಕೊಳ್ಳಿ. ಮಾಮೂಲಿಯದಕ್ಕಿಂತ ದುಬಾರಿ, ಆದರೆ ಒಂದೇ ಸಾಕು. ಅದೂ ಬೇಡವೆಂದರೆ ಒಳ್ಳೆಯ ಸ್ಟಾರ್ ಡ್ರೈವರಿನ ಮೂತಿಯನ್ನು ಗ್ರೈಂಡರಿಗೆ ಕೂದಲೆಳೆಯಷ್ಟು ತಾಗಿಸಿ ಸಪಾಟು ಮಾಡಿಸಿಕೊಳ್ಳಿ. ಎಷ್ಟೋ ಹಳೆಯ ಮಿಸ್ತ್ರಿಗಳ ಡ್ರೈವರ್ ಮೂತಿ ಮೊಂಡಾಗಿರುವುದನ್ನು ನೋಡಿ ನಮ್ಮ ಹುಡುಗರು ನಗುತ್ತಿದ್ದರು. ಅದು ಮೊಂಡಾದದ್ದಲ್ಲ, ಮಾಡಿಸಿಕೊಂಡದ್ದು. ಇನ್ನು ಬಿಚ್ಚುವಾಗ ಅಂಗೈಯ ಬಲದಲ್ಲಿ ಮುಕ್ಕಾಲು ಪಾಲು ಒತ್ತುವುದಕ್ಕೆ ಹೋಗಬೇಕು, ತಿರುಗಿಸುವುದಕ್ಕೆ ಕಾಲು ಪಾಲು ಸಾಕು. ಜಪ್ಪಯ್ಯ ಅಂದರೂ ಬಾರದಿದ್ದರೆ ಡ್ರೈವರಿನ ತಲೆಗೆ ಸುತ್ತಿಗೆಯಿಂದ ಒಂದೆರಡು ಏಟು ಹಾಕಿ. ತುಕ್ಕಿನ ಹಿಡಿತ ಬಿಡುತ್ತದೆ.

ಸ್ಪ್ಯಾನರಿಗೆ ವಾಪಸು ಬರೋಣ. ಬಾಯಿ ತೆರೆದ ಡಬಲ್ ಎಂಡ್ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ, ರಿಂಗು ಆರೂ ಮೂಲೆಗಳನ್ನು ಅಪ್ಪಿಕೊಳ್ಳುತ್ತದೆ. ಸಡಿಲಿಸುವ ಮೊದಲ ಎಳೆತ, ಬಿಗಿಯುವ ಕೊನೆಯ ಎಳೆತ ಎರಡೂ ರಿಂಗಿನಲ್ಲೇ ಆಗಬೇಕು. ನಡುವಿನ ಓಡಾಟಕ್ಕೆ ಬಾಯಿ ತೆರೆದದ್ದು. ಒಂದು ತುದಿ ರಿಂಗು, ಇನ್ನೊಂದು ತುದಿ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರನ್ನು ಬೇಕಾದ ಅಳತೆಗಷ್ಟೇ ಬಿಡಿಬಿಡಿಯಾಗಿ ಕೊಂಡರೆ ದುಡ್ಡಿಗೆ ಮೋಸವಿಲ್ಲ. ಟಪಾರಿಯಾದಂಥ ಹಳೆಯ ದೇಶಿ ಕಂಪನಿಯದ್ದು ಮನೆಗೆ ಧಾರಾಳವಾಯಿತು, ಜರ್ಮನಿಯದ್ದೇ ಬೇಕೆಂದು ಹಟ ಬೇಡ. ಮೇಲೆ ಕ್ರೋಮ್ ವೆನೇಡಿಯಂ ಎಂದು ಅಚ್ಚಿದ್ದ ಮಾತ್ರಕ್ಕೆ ನಂಬಲೂ ಬೇಡಿ. ಹೊಸ ಬೋಲ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ತೊಡಿಸಿ ನೋಡಿ. ಲೊಡಬಡ ಅಂದರೆ ಅಲ್ಲೇ ಬಿಟ್ಟು ಬನ್ನಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಆನ್‌ಲೈನಿನಲ್ಲಿ ಇದಾಗುವ ಕೆಲಸವಲ್ಲ.

ಇನ್ನೊಂದು ವಿಷಯ. 10ರ ಸ್ಪ್ಯಾನರ್ ಗಿಡ್ಡ, 19ರದ್ದು ಉದ್ದ. ಉಕ್ಕು ಉಳಿಸುವುದಕ್ಕೆ ಹಾಗೆ ಮಾಡಿಲ್ಲ. 10ರ ತಲೆಯ ಬೋಲ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. 10 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಸುಮಾರು 10 ಕೆ.ಜಿ. ಭಾರ ಒತ್ತಿದರೆ ಅಷ್ಟಾಗುತ್ತದೆ. ಅದೇ ಬೋಲ್ಟಿಗೆ 30 ಸೆಂಟಿಮೀಟರ್ ಉದ್ದದ ರಾಚೆಟ್ ಹಾಕಿದರೆ ಮೂರೂಕಾಲು ಕೆ.ಜಿ. ಸಾಕು. ಅಂದರೆ ಎರಡು ಬೆರಳಿನ ಬಲ. ಇಂಜಿನ್ ಕೇಸು ಅಲ್ಯುಮಿನಿಯಂ, ಬೋಲ್ಟು ಉಕ್ಕು, ನಮ್ಮ ಜನಕ್ಕೆ "ಇನ್ನೊಂಚೂರು ಟೈಟ್ ಇರಲಿ" ಎಂಬ ಚಟ. ಥ್ರೆಡ್ ಕಿತ್ತು ಬಂದರೆ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಎಂಬ ಹೊಸ ಥ್ರೆಡ್ಡಿನ ಸುರುಳಿ ಹಾಕಿಸಬೇಕು. ಮನೆಯಲ್ಲಿ ಗಾಡಿ ನೋಡಿಕೊಂಡು ಉಳಿಸಿದ ದುಡ್ಡೆಲ್ಲ ಅಲ್ಲಿಗೆ ಹೋಗುತ್ತದೆ. ಅಭ್ಯಾಸವಿಲ್ಲದ ಕೈಗೆ 5ರಿಂದ 25 ನ್ಯೂಟನ್ ಮೀಟರಿನ ಚಿಕ್ಕ ಟಾರ್ಕ್ ರೆಂಚ್ ಒಳ್ಳೆಯದು. ಅದನ್ನು ಕೊಳ್ಳುವ ಮನಸ್ಸಿಲ್ಲದವರು ಗಿಡ್ಡ ಸ್ಪ್ಯಾನರ್ ಬಿಟ್ಟು ಬೇರೆ ಮುಟ್ಟದಿದ್ದರೆ ಕ್ಷೇಮ.

ಹಾಗಾದರೆ ಮೊದಲು ಏನು ಕೊಳ್ಳಬೇಕು? ಕೇಳಿದರೆ ನಿರಾಸೆಯಾದೀತು, ಗಾಳಿ ನೋಡುವ ಗೇಜು. ಸ್ಪ್ಯಾನರ್ ಹಿಡಿಯುವ ಮುಂಚಿನ ಮಾತಿದು. ಬಂಕಿನ ಹುಡುಗ "ಎಷ್ಟು ಸಾರ್?" ಎಂದು ನಮ್ಮನ್ನೇ ಕೇಳಿ, ನಾವು ಬಾಯಿಗೆ ಬಂದದ್ದು ಹೇಳಿ, ಅವನ ಮೀಟರು ಅದರ ಪಾಡಿಗೆ ಅದು ತೋರಿಸಿ ನಡೆಯುವ ವ್ಯವಹಾರ ಅದು. ಚೈನ್ ಕವರಿನ ಸ್ಟಿಕ್ಕರಿನಲ್ಲೋ ಮ್ಯಾನ್ಯುವಲ್ಲಿನಲ್ಲೋ ಬರೆದ ಗಾಳಿ ಟೈರಿನಲ್ಲಿದೆಯೇ ಎಂದು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಮನೆಯಲ್ಲೇ ನೋಡಿ. ಟೈರಿನ ಆಯಸ್ಸು, ಪೆಟ್ರೋಲಿನ ಖರ್ಚು, ಮಳೆಗಾಲದಲ್ಲಿ ಜಾರುವುದು, ಮೂರೂ ಇದಕ್ಕೆ ಗಂಟುಬಿದ್ದಿವೆ.

ಆಮೇಲೆ ಮೇಲೆ ಹೇಳಿದ ಅಳತೆಯ ಸ್ಪ್ಯಾನರುಗಳು, ಡ್ರೈವರು, ಒಂದು ಕಟಿಂಗ್ ಪ್ಲೇಯರು, ಅಲೆನ್ ಕೀ ಸೆಟ್ಟು, ಪ್ಲಗ್ ಸ್ಪ್ಯಾನರು. ಸ್ಪ್ಲೆಂಡರಿನದು ಸಣ್ಣ ಪ್ಲಗ್ಗು, 16ರದ್ದು ಬೇಕು. ಬುಲೆಟ್ಟಿನಂಥ ಹಳೆಯ ದೊಡ್ಡ ಪ್ಲಗ್ಗಿಗೆ 21. 10ರ ಅಳತೆಯ ಟಿ ಸ್ಪ್ಯಾನರ್ ಒಂದಿದ್ದರೆ ಕೈಯ ಸುಖವೇ ಸುಖ. ಯಾವ ಗ್ಯಾರೇಜಿಗೆ ಹೋದರೂ ಎಲ್ಲಕ್ಕಿಂತ ಸವೆದಿರುವುದು ಅದೇ, ಮತ್ತು ಎಲ್ಲಕ್ಕಿಂತ ಮೊದಲು ಕಳೆದುಹೋಗುವುದೂ ಅದೇ. ಸ್ಕ್ರೂ ಸ್ಪ್ಯಾನರ್ ಮನೆಯ ನಲ್ಲಿಗೆ ಇರಲಿ, ಗಾಡಿಯ ಹತ್ತಿರ ತರಬೇಡಿ.

ಹೊಸ ಗಾಡಿಯವರಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಏರ್ ಸ್ಕ್ರೂ ತಿರುವಿ ಕಿವಿಯಲ್ಲೇ ಟ್ಯೂನಿಂಗ್ ಮಾಡುತ್ತಿದ್ದ ವಿದ್ಯೆಗೆ ಅಲ್ಲಿ ಜಾಗವಿಲ್ಲ. ಯೆಜ್ಡಿಯ ಪಾಯಿಂಟ್ ಗ್ಯಾಪನ್ನು 0.4 ಮಿ.ಮೀ.ಗೆ ತಂದು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ಬೀಗುವ ನನ್ನಂಥವರಿಗೆ ಸ್ವಲ್ಪ ಹೊಟ್ಟೆಯುರಿ ಇದೆ, ಇರಲಿ. ಈ ಗಾಡಿಗಳಲ್ಲಿ ಬ್ಯಾಟರಿ ಸೋತರೆ ಪಂಪೂ ಸೋಲುತ್ತದೆ, ಕಂಪ್ಯೂಟರೂ ಸೋಲುತ್ತದೆ. ಹಾಗಾಗಿ ಸ್ಪ್ಯಾನರಿಗಿಂತ ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ, ಸಾಧಾರಣದ್ದು ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಸುತ್ತಮುತ್ತ ತೋರಿಸಬೇಕು. ಇಂಜಿನ್ ಓಡುವಾಗ 13.5ರಿಂದ 14.5ರ ನಡುವೆ. ಓಡುವಾಗಲೂ 12ರಲ್ಲೇ ನಿಂತಿದ್ದರೆ ಬ್ಯಾಟರಿಯ ತಪ್ಪಲ್ಲ, ಚಾರ್ಜಿಂಗಿನದು. ಈ ಎರಡು ಅಂಕಿ ಗೊತ್ತಿದ್ದರೆ ಸುಮ್ಮಸುಮ್ಮನೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬರುವುದು ತಪ್ಪುತ್ತದೆ. ನಮ್ಮ ಬೀದಿಯಲ್ಲೇ ಹಾಗೆ ಹಾಕಿಸಿಕೊಂಡವರಿದ್ದಾರೆ. ಹೊಸದೂ ತಿಂಗಳೊಳಗೆ ಮಲಗಿತು.

ಕಾರಿನ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಕಂಪನಿಯವರು ಕೊಡುವ ಜಾಕು ಟೈರು ಬದಲಾಯಿಸುವುದಕ್ಕೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರುವವರು ಮೊದಲು ಎರಡು ಜಾಕ್ ಸ್ಟ್ಯಾಂಡು ಕೊಳ್ಳಬೇಕು, ಇಲ್ಲವೇ ತೂರಬಾರದು. ಬೈಕಾಗಲಿ ಕಾರಾಗಲಿ, ಎಬಿಎಸ್ ಇರುವ ಬ್ರೇಕಿನ ಪೈಪು ಬಿಚ್ಚುವ ಕೆಲಸ ಮನೆಯದ್ದಲ್ಲ. ತೆಗೆದ ಕಪ್ಪು ಆಯಿಲ್ಲನ್ನು ಮೋರಿಗೆ ಚೆಲ್ಲಬೇಡಿ. ಖಾಲಿ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಕೂಡಿಡುವ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟು ಬನ್ನಿ.

ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಗ್ಯಾರೇಜಿನವರ ಹೊಟ್ಟೆಪಾಡು? ನನ್ನ ಶಿಷ್ಯರಲ್ಲೇ ಹಲವರು ಗ್ಯಾರೇಜು ಇಟ್ಟಿದ್ದಾರೆ, ಇದನ್ನು ಅವರ ಹತ್ತಿರವೇ ಕೇಳಿದ್ದೇನೆ. ಒಬ್ಬ ನಕ್ಕು, "ಸಾರ್, ಚೈನ್ ಟೈಟ್ ಮಾಡಿ ನಾನೇನು ಮನೆ ಕಟ್ಟಿಸ್ತೀನಾ? ಗಾಡಿ ಬಗ್ಗೆ ಗೊತ್ತಿರೋರು ಬಂದ್ರೆ ಎಲ್ಲಿ ಸೌಂಡು, ಯಾವಾಗ ಸೌಂಡು ಅಂತ ಸರಿಯಾಗಿ ಹೇಳ್ತಾರೆ, ಅರ್ಧ ಕೆಲಸ ಅಲ್ಲೇ ಮುಗೀತದೆ" ಅಂದ. ಅವನಿಗೆ ಸಿಟ್ಟಿರುವುದು ಬೇರೆಯವರ ಮೇಲೆ: ಪೈಪ್ ರೆಂಚ್ ಹಾಕಿ ನಟ್ಟು ರೌಂಡ್ ಮಾಡಿ, ಆಮೇಲೆ ಗಾಡಿ ತಳ್ಳಿಕೊಂಡು ಬರುವವರ ಮೇಲೆ.

ನನ್ನ ಸಿಟ್ಟು ಇರುವುದು ಗಾಡಿ ಮಾಡುವ ಕಂಪನಿಗಳ ಮೇಲೆ. ಇದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಾದ ಬೈಕುಗಳನ್ನು ಜನ ಇಂದಿಗೂ ಓಡಿಸುತ್ತಿದ್ದಾರೆ ಎಂದರೆ, ಅದಕ್ಕೆ ಒಂದು ಕಾರಣ ಅವನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದಾಗಿತ್ತು ಎಂಬುದು. ಗಾಡಿಯ ಜೊತೆ ಬರುತ್ತಿದ್ದ ಟೂಲುಗಳಲ್ಲಿ ಅರ್ಧ ಕೆಲಸ ಆಗುತ್ತಿತ್ತು. ಈಗ ಸೀಟಿನ ಕೆಳಗೆ ಸಿಗುವ ಪೌಚಿನಲ್ಲಿ ತಗಡಿನಂಥ ಪ್ಲಗ್ ಸ್ಪ್ಯಾನರು, ತಿರುಚಿದರೆ ತಾನೇ ತಿರುಚಿಕೊಳ್ಳುವ ಡ್ರೈವರು. ಮಗಳ ಸ್ಕೂಟರಿನಲ್ಲಿ ಅದೂ ಇರಲಿಲ್ಲ. ಶೋರೂಮಿನಲ್ಲಿ ಕೇಳಿದ್ದಕ್ಕೆ, "ಅದೆಲ್ಲ ನಿಮಗ್ಯಾಕೆ ಸಾರ್, ಸರ್ವಿಸ್‌ಗೆ ಬಿಡಿ, ನಾವೇ ನೋಡ್ಕೋತೀವಿ" ಅಂದರು.

ವಾರಂಟಿ ಇರುವಷ್ಟು ದಿನ ಅವರು ಹೇಳುವುದರಲ್ಲಿ ಅರ್ಥವಿದೆ, ಗಾಳಿ, ಚೈನು, ಬ್ಯಾಟರಿ ಟರ್ಮಿನಲ್ ಬಿಟ್ಟು ಬೇರೆ ಮುಟ್ಟದಿರುವುದೇ ಜಾಣತನ. ಆದರೆ ಗಾಡಿ ಓಡುವುದು ವಾರಂಟಿ ಮುಗಿದ ಮೇಲೂ ತಾನೇ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಒಳ್ಳೆಯದೇ. ಆದರೆ ತುಮಕೂರು ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತವನಿಗೆ ಪೋರ್ಟಲ್ಲಿಗಿಂತ ಸೀಟಿನ ಕೆಳಗೆ ಕನ್ನಡದಲ್ಲಿ ಬರೆದ ಒಂದು ಸ್ಟಿಕ್ಕರು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಯಾವ ನಟ್ಟು ಯಾವ ಅಳತೆ, ಎಷ್ಟು ಬಿಗಿ. ಅದರ ಜೊತೆಗೆ ಅದೇ ಅಳತೆಯ ಗಟ್ಟಿ ಸ್ಪ್ಯಾನರು ನಾಲ್ಕು. ಲಕ್ಷ ರೂಪಾಯಿಯ ಗಾಡಿಯಲ್ಲಿ ಇದು ಕಂಪನಿಗೆ ಹೊರೆಯೇನಲ್ಲ. ಆಯಿಲ್ ಎಷ್ಟು ಹಾಕಬೇಕೆಂದು ಎಷ್ಟೋ ಬೈಕುಗಳ ಇಂಜಿನ್ ಕೇಸಿನ ಮೇಲೆ ಈಗಾಗಲೇ ಅಚ್ಚಿದೆ. ಆ ಆಯಿಲ್ ಇಳಿಸುವ ಬೋಲ್ಟಿನ ಅಳತೆಯನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಲು ಒಂದಂಗುಲ ಜಾಗ ಸಾಕು.